ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ?

ಪ್ರಶ್ನೆ: ನಾನು ರಾಯಚೂರಿನಲ್ಲಿ ಬಿ.ಎಡ್. ಎರಡನೇ ವರ್ಷ ಓದುತ್ತಿದ್ದೇನೆ. ಬಿ.ಎಸ್ಸಿ.ಯಲ್ಲಿ ರಸಾಯನವಿಜ್ಞಾನಕ್ಕೆ ಒಳ್ಳೆಯ ಅಂಕ ಬಂದಿವೆ. ಇಂಟರ್ನ್‌ಶಿಪ್‌ಗೆ ಲಿಂಗಸುಗೂರು ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಹೋಗುತ್ತಿದ್ದೇನೆ. ಕಳೆದ ವಾರ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ನಮ್ಮೂರ ಬೋರಿನ ನೀರು ಕುಡದು ನನ್ನ ಹಲ್ಲು ಹಿಂಗ ಆಗ್ಯಾವ. ತಮ್ಮ ಸಣ್ಣಾವ ಅದಾನ. ಅವನಿಗೆ ಕುದಿಸಿದ ನೀರು ಕುಡಿಸಿದ್ರ ಹಲ್ಲು ಚಲೋ ಉಳಿತಾವೇನ್ರಿ?" ಎಂದು ಕೇಳಿದಳು. "ಹೌದು, ಕುದಿಸಿದರೆ ನೀರು ಶುದ್ಧವಾಗುತ್ತದೆ" ಎಂದೆ. ಮನೆಗೆ ಬಂದ ಮೇಲೆ ಅನುಮಾನ ಶುರುವಾಯಿತು. ನಮ್ಮ ಕಾಲೇಜಿನಲ್ಲಿ 'ವಿಜ್ಞಾನ ಸಾಕ್ಷರತೆ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ವ್ಯಾಖ್ಯೆ ನನಗೆ ಬಾಯಿಪಾಠ ಇದೆ. ಆದರೆ ಅದು ನನ್ನಲ್ಲಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಇಲ್ಲದಿದ್ದರೆ ಬೆಳೆಸಿಕೊಳ್ಳುವುದು ಹೇಗೆ, ಸರ್?

ಉತ್ತರ: ಮೊದಲು ಆ ಹುಡುಗಿಗೆ ಉತ್ತರ ಕೊಡೋಣ, ನಿಮ್ಮ ಪ್ರಶ್ನೆ ಆಮೇಲೆ. ಅಲ್ಲಿ ಒಬ್ಬ ಸಣ್ಣ ಹುಡುಗ ದಿನವೂ ಆ ನೀರು ಕುಡಿಯುತ್ತಿದ್ದಾನೆ.

ಬೋರಿನ ನೀರು ಕುಡಿದು ಹಲ್ಲಿಗೆ ಕಲೆ ಬಂದಿದೆ ಎಂದರೆ ಮೊದಲು ಅನುಮಾನ ಬರುವುದು ನೀರಿನಲ್ಲಿರುವ ಫ್ಲೋರೈಡ್ ಮೇಲೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಅದು ನೀರಿನಲ್ಲಿರುವ ಅಯಾನು, ಅಂದರೆ ವಿದ್ಯುದಾವೇಶ ಹೊತ್ತ ಕಣ, ಆವಿಯ ಜೊತೆ ಹಾರಿಹೋಗುವ ವಸ್ತುವಲ್ಲ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ 2 ಲೀಟರ್ ನೀರನ್ನು ಒಲೆಯ ಮೇಲೆ ಇಟ್ಟಿರಿ ಎಂದುಕೊಳ್ಳಿ. ಒಟ್ಟು 4 ಮಿಲಿಗ್ರಾಂ ಆಯಿತು. ಚೆನ್ನಾಗಿ ಕುದಿದು ಅರ್ಧ ಲೀಟರ್ ಆವಿಯಾದರೆ ಆ 4 ಮಿಲಿಗ್ರಾಂ ಉಳಿದ ಒಂದೂವರೆ ಲೀಟರಿನಲ್ಲೇ ಇರುತ್ತದೆ. ಲೀಟರಿಗೆ ಸುಮಾರು 2.7 ಮಿಲಿಗ್ರಾಂ. ಅಂದರೆ ತಾಯಿ ಸೌದೆ ಸುಟ್ಟು, ಕಾಳಜಿಯಿಂದ ಕುದಿಸಿ, ಆರಿಸಿ ಕೊಟ್ಟ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಗಟ್ಟಿಯಾಗಿರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ಜಲಮೂಲವೇ ಇಲ್ಲದ ಕಡೆ ಮಾತ್ರ 1.5ರವರೆಗೆ ಒಪ್ಪುತ್ತಾರೆ.

ಕುದಿಸುವುದು ವ್ಯರ್ಥ ಎಂದು ಮಾತ್ರ ಮಕ್ಕಳಿಗೆ ಹೇಳಬೇಡಿ. ವಾಂತಿಭೇದಿ ತರುವ ಸೂಕ್ಷ್ಮಾಣುಗಳು ಕುದಿತಕ್ಕೆ ಸಾಯುತ್ತವೆ, ಅದು ದೊಡ್ಡ ಲಾಭ. ರೋಗಾಣುವಿಗೆ ಒಂದು ಉಪಾಯ, ಫ್ಲೋರೈಡಿಗೆ ಬೇರೆಯೇ ಉಪಾಯ ಎಂದು ಬಿಡಿಸಿ ಹೇಳಿ. 'ಶುದ್ಧ' ಎಂಬ ಒಂದೇ ಮಾತು ಈ ಎರಡನ್ನೂ ಮುಚ್ಚಿಹಾಕುತ್ತದೆ, ನೀವು ಎಡವಿದ್ದೂ ಅಲ್ಲೇ.

ಆ ಹುಡುಗಿ ತಮ್ಮನ ಬಗ್ಗೆ ಕೇಳಿದ್ದು ತುಂಬ ಸರಿಯಾದ ಪ್ರಶ್ನೆ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ವಸಡಿನ ಒಳಗೆ ರೂಪುಗೊಳ್ಳುತ್ತಿರುವಾಗ, ಹೆಚ್ಚುಕಡಿಮೆ ಎಂಟು ವರ್ಷದೊಳಗೆ, ಫ್ಲೋರೈಡ್ ಹೆಚ್ಚಾದರೆ ಕಲೆ ಉಳಿಯುತ್ತದೆ. ಅವಳ ಹಲ್ಲಿನ ಕಂದು ಕಲೆ ಈಗ ಪೇಸ್ಟಿನಿಂದ ತಿಕ್ಕಿದರೂ ಹೋಗುವುದಿಲ್ಲ. ತಮ್ಮನ ಹಲ್ಲುಗಳನ್ನು ಇನ್ನೂ ಕಾಪಾಡಬಹುದು. ದೊಡ್ಡವರಿಗೆ ಚಿಂತೆ ಮೂಳೆ ಮತ್ತು ಕೀಲುಗಳದ್ದು, ಅದು ವರ್ಷಗಟ್ಟಲೆ ಕುಡಿದ ಮೇಲೆ ಗೊತ್ತಾಗುವಂಥದ್ದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರುತ್ತಿದ್ದರೆ ಒಳ್ಳೆಯದು, ಆದರೆ ಇನ್ನೊಂದು ಮಾತು ಕೇಳಿ: ಅನ್ನಕ್ಕೆ, ಬೇಳೆಗೆ, ರೊಟ್ಟಿ ಹಿಟ್ಟು ಕಲಸಲು ಯಾವ ನೀರು ಬಳಸುತ್ತಾರೆ? ಕುಡಿಯಲು ಕ್ಯಾನ್, ಅಡುಗೆಗೆ ಬೋರು ಎನ್ನುವ ಮನೆಗಳು ನಮ್ಮಲ್ಲಿ ಬಹಳ. ಅನ್ನ ಹೀರಿಕೊಂಡ ನೀರೂ ಹೊಟ್ಟೆಗೇ ಹೋಗುತ್ತದೆ.

ಸೋಮವಾರ ತರಗತಿಗೆ ಹೋಗಿ, "ಕಳೆದ ವಾರ ನಾನು ಹೇಳಿದ್ದು ತಪ್ಪು" ಎಂದೇ ಪಾಠ ಶುರು ಮಾಡಿ. ನಾನು ಮೂರು ದಶಕ ಶಿಕ್ಷಕರಾಗುವವರಿಗೆ ರಸಾಯನವಿಜ್ಞಾನ ಬೋಧನೆ ಕಲಿಸಿದವನು, ಬಳ್ಳಾರಿಯಲ್ಲಿ ಕೆಲವು ವರ್ಷ, ರಾಯಚೂರಿನಲ್ಲಿ ಉಳಿದದ್ದು. ತಪ್ಪು ಒಪ್ಪಿಕೊಂಡ ಶಿಕ್ಷಕಿಯ ಮೇಲೆ ಮಕ್ಕಳ ಗೌರವ ಕಡಿಮೆಯಾದದ್ದನ್ನು ನಾನು ನೋಡಿಲ್ಲ.

ಈಗ ನಿಮ್ಮ ಪ್ರಶ್ನೆ. ತಂಗಿ, ಮನೆಗೆ ಹೋದ ಮೇಲೆ ನಿಮಗೆ ಅನುಮಾನ ಬಂತಲ್ಲ, ನೀವು ಹುಡುಕುತ್ತಿರುವುದು ಅಲ್ಲಿಂದಲೇ ಮೊದಲಾಗುತ್ತದೆ. ಆದರೆ ಅನುಮಾನ ಬರಬೇಕಾದದ್ದು ಉತ್ತರ ಕೊಡುವ ಮೊದಲು. ಆ ಅರ್ಧ ನಿಮಿಷದ ಅಂತರವನ್ನು ತುಂಬುವುದೇ ತರಬೇತಿಯ ಕೆಲಸ ಎಂದು ನಾನು ನಂಬಿದ್ದೇನೆ.

ಒಮ್ಮೆ ಯೋಚಿಸಿ: ನಿಮಗೆ ಗೊತ್ತಿಲ್ಲದ ಸಂಗತಿ ಅದರಲ್ಲಿ ಯಾವುದಿತ್ತು? ಫ್ಲೋರೈಡ್ ಅಯಾನು ಎಂದು ಗೊತ್ತು. ಅಯಾನಿಕ ಲವಣಗಳು 100 ಡಿಗ್ರಿಗೆ ಆವಿಯಾಗುವುದಿಲ್ಲ ಎಂದು ಗೊತ್ತು. ಕುದಿಸಿದರೆ ತಾತ್ಕಾಲಿಕ ಗಡಸುತನ ಹೋಗುತ್ತದೆ, ಶಾಶ್ವತ ಗಡಸುತನ ಹೋಗುವುದಿಲ್ಲ ಎಂದು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದೀರಿ. ಎಲ್ಲವೂ ತಲೆಯಲ್ಲಿತ್ತು, ಒಂದಕ್ಕೊಂದು ಗಂಟು ಬಿದ್ದಿರಲಿಲ್ಲ. ಪ್ರಶ್ನೆ ಪತ್ರಿಕೆ ಬಂದರೆ ಒಂದು ಪೆಟ್ಟಿಗೆ ತೆರೆಯುತ್ತದೆ, ಊರಿನ ಪ್ರಶ್ನೆ ಬಂದರೆ ಇನ್ನೊಂದು. ಆ ಎರಡನೆಯ ಪೆಟ್ಟಿಗೆಯಲ್ಲಿ ಇರುವುದು ಮನೆಯಲ್ಲಿ, ಟಿವಿಯಲ್ಲಿ ಕೇಳಿದ ಮಾತುಗಳು. ನನ್ನ ಕೈಕೆಳಗೆ ಕಲಿತ ಬಹುಪಾಲು ಪ್ರಶಿಕ್ಷಣಾರ್ಥಿಗಳ ಸ್ಥಿತಿ ಇದೇ, ಚಿನ್ನದ ಪದಕ ಪಡೆದವರೂ ಸೇರಿ.

ವ್ಯಾಖ್ಯೆ ನಿಮಗೆ ಬಾಯಿಪಾಠ ಇದೆ ಎಂದಿರಿ, ಹಾಗಾಗಿ ಬೇಗ ಮುಗಿಸುತ್ತೇನೆ. ಹಲವು ದೇಶಗಳ ಮಕ್ಕಳು ಬರೆಯುವ ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ 2015ರ ಚೌಕಟ್ಟು ವಿಜ್ಞಾನ ಸಾಕ್ಷರತೆಗೆ ಮೂರು ಸಾಮರ್ಥ್ಯಗಳನ್ನು ಹೇಳುತ್ತದೆ: ವಿದ್ಯಮಾನವನ್ನು ವೈಜ್ಞಾನಿಕವಾಗಿ ವಿವರಿಸುವುದು, ಒಂದು ವೈಜ್ಞಾನಿಕ ತನಿಖೆಯನ್ನು ರೂಪಿಸುವುದು ಮತ್ತು ಬೇರೆಯವರದ್ದನ್ನು ತೂಗಿ ನೋಡುವುದು, ದತ್ತಾಂಶ ಮತ್ತು ಸಾಕ್ಷ್ಯದ ಅರ್ಥ ಬಿಡಿಸುವುದು. ನಮ್ಮ ಬಿ.ಎಡ್. ಕೋಣೆಯಲ್ಲಿ ಮೊದಲನೆಯದಕ್ಕೇ ಸಮಯವೆಲ್ಲ ಹೋಗುತ್ತದೆ. ಆ ಪರೀಕ್ಷೆ 15 ವರ್ಷದ ಮಕ್ಕಳಿಗಾಗಿ ಇರುವಂಥದ್ದು. ಆ ಮಕ್ಕಳಲ್ಲಿ ಈ ಮೂರನ್ನೂ ಬೆಳೆಸಬೇಕಾದ ಶಿಕ್ಷಕಿಗೆ ನಾಲ್ಕನೆಯದೂ ಬೇಕು: ಮಗು ತಪ್ಪು ತಿಳಿದಿದ್ದರೆ ಎಲ್ಲಿ ತಪ್ಪಿದೆ ಎಂದು ಗುರುತಿಸುವ ಕಣ್ಣು. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಹೇಳಿದ್ದು ಇದನ್ನೇ. ವಿಷಯ ಗೊತ್ತಿರುವುದು ಒಂದು, ಕಲಿಸುವ ಕಲೆ ಇನ್ನೊಂದು, ಈ ವಿಷಯವನ್ನು ಈ ಮಕ್ಕಳಿಗೆ ಹೇಗೆ ಮುಟ್ಟಿಸಬೇಕು ಎಂಬ ಅರಿವು ಇವೆರಡೂ ಕೂಡಿದಾಗ ಹುಟ್ಟುವ ಮೂರನೆಯದು ಎಂದರು.

ನನ್ನ ಮಟ್ಟಿಗೆ ಇದನ್ನೆಲ್ಲ ಒಂದು ಪ್ರಶ್ನೆಗೆ ಇಳಿಸಬಹುದು: "ಇದು ಹೌದು ಅಂತ ನಮಗೆ ಹೇಗೆ ಗೊತ್ತು?" ಹಲ್ಲಿನ ಕಲೆಗೆ ಫ್ಲೋರೈಡ್ ಕಾರಣ ಎಂದು ಪಠ್ಯದಲ್ಲಿ ಒಂದು ಸಾಲು ಇರುತ್ತದೆ. ಯಾರಿಗೆ, ಹೇಗೆ ಗೊತ್ತಾಯಿತು? ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ 1901ರಲ್ಲಿ ಅಮೆರಿಕದ ಕೊಲೊರಾಡೋ ಸ್ಪ್ರಿಂಗ್ಸ್‌ಗೆ ಬಂದಾಗ ಅಲ್ಲಿ ಹುಟ್ಟಿ ಬೆಳೆದವರ ಹಲ್ಲಿನಲ್ಲಿ ಕಂದು ಕಲೆ ಕಂಡ. ದೊಡ್ಡವರಾದ ಮೇಲೆ ಆ ಊರಿಗೆ ಬಂದು ನೆಲೆಸಿದವರಿಗೆ ಕಲೆ ಇರಲಿಲ್ಲ. ಹಾಗಿದ್ದರೆ ಹಲ್ಲು ಮೂಡುವ ವಯಸ್ಸಿನಲ್ಲಿ ಏನೋ ನಡೆಯುತ್ತಿದೆ, ಬಹುಶಃ ನೀರಿನಲ್ಲೇ ಏನೋ ಇದೆ ಎಂದುಕೊಂಡ. ಏನು ಎಂದು ಗೊತ್ತಿಲ್ಲ. ಐಡಾಹೋ ರಾಜ್ಯದ ಓಕ್ಲಿ ಎಂಬ ಊರಿನವರು 1925ರಲ್ಲಿ ಅವನ ಮಾತು ಕೇಳಿ ನೀರಿನ ಮೂಲವನ್ನೇ ಬದಲಿಸಿದರು. ಕೆಲವು ವರ್ಷಗಳಲ್ಲಿ ಅಲ್ಲಿನ ಚಿಕ್ಕ ಮಕ್ಕಳಿಗೆ ಕಲೆಯಿಲ್ಲದ ಹಲ್ಲು ಬಂದವು. ವಸ್ತುವಿನ ಹೆಸರು ತಿಳಿಯದೆಯೇ ಕಾರಣ ನೀರು ಎಂಬುದಕ್ಕೆ ಸಾಕ್ಷ್ಯ ಸಿಕ್ಕಿತ್ತು! 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನವಿಜ್ಞಾನಿ ಚರ್ಚಿಲ್ ನೀರಿನಲ್ಲಿ ಫ್ಲೋರೈಡ್ ಪತ್ತೆ ಮಾಡಿದ. ನಮ್ಮ ದೇಶದಲ್ಲಿ 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆಯ ಹಳ್ಳಿಗಳಲ್ಲಿ ಮೂಳೆಯ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಬರುವ ಮೂಳೆಯ ರೋಗವನ್ನು ವರದಿ ಮಾಡಿದರು. ಆಗ ಬಳ್ಳಾರಿಯೂ ಅದೇ ಮದ್ರಾಸ್ ಪ್ರಾಂತ್ಯದಲ್ಲಿತ್ತು, ರಾಯಚೂರು ಕೊಪ್ಪಳ ನಿಜಾಮರ ಕಡೆ. ಈ ಕಥೆಯನ್ನು ಹತ್ತು ನಿಮಿಷದಲ್ಲಿ ಹೇಳಿ, ಪ್ರತಿ ತಿರುವಿನಲ್ಲೂ "ಈಗ ನೀವಾಗಿದ್ದರೆ ಮುಂದೆ ಏನು ನೋಡ್ತಿದ್ರಿ?" ಎಂದು ಮಕ್ಕಳನ್ನು ಕೇಳಿ. ತನಿಖೆ ರೂಪಿಸುವುದು ಅಂದರೆ ಏನು ಎಂದು ವ್ಯಾಖ್ಯೆಯಿಲ್ಲದೆ ತಿಳಿಯುತ್ತದೆ.

ಇನ್ನೊಂದು ಸಂಗತಿ, ಇದನ್ನು ಬಿ.ಎಸ್ಸಿ. ಓದಿದ ನಿಮಗೆಂದೇ ಹೇಳುತ್ತೇನೆ. ನಮ್ಮ ಕಡೆ ಜನ ನೀರನ್ನು ನಾಲಿಗೆಯಿಂದ ಅಳೆಯುತ್ತಾರೆ. ಗಡಸು ನೀರು, ಸವಳು ನೀರು ಕೆಟ್ಟದ್ದು, ಬೇಳೆ ಬೇಗ ಬೇಯುವ ಸಿಹಿ ನೀರು ಒಳ್ಳೆಯದು. ಅಡುಗೆಗೆ ಈ ಲೆಕ್ಕ ಸರಿ, ಫ್ಲೋರೈಡಿಗೆ ಅಲ್ಲ. ನಮ್ಮ ಕಾಲಡಿ ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಅದರಲ್ಲಿರುವ ಕೆಲವು ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ನೀರಿಗೆ ಇಳಿಯುತ್ತದೆ. ಎಷ್ಟು ಇಳಿಯಬಹುದು ಎಂಬುದಕ್ಕೆ ಒಂದು ಕಡಿವಾಣ ಕ್ಯಾಲ್ಸಿಯಂ, ಯಾಕೆಂದರೆ ಕ್ಯಾಲ್ಸಿಯಂ ಫ್ಲೋರೈಡ್ ನೀರಿನಲ್ಲಿ ಬಹಳ ಕಡಿಮೆ ವಿಲೀನವಾಗುತ್ತದೆ. ಒಂದು ಲವಣದ ಅಯಾನುಗಳು ನೀರಿನಲ್ಲಿ ಎಷ್ಟರವರೆಗೆ ಒಟ್ಟಿಗೆ ನಿಲ್ಲಬಹುದು ಎಂದು ಹೇಳುವ, ನೀವು ಮಾಡಿರುವ ಸಾಲ್ಯುಬಿಲಿಟಿ ಪ್ರಾಡಕ್ಟ್ ಲೆಕ್ಕವನ್ನು ಇಲ್ಲಿ ಹಾಕಿ ನೋಡಿ. ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಫ್ಲೋರೈಡ್ ಸುಮಾರು 3.5 ಮಿಲಿಗ್ರಾಂವರೆಗೆ ನಿಲ್ಲಬಹುದು. ಕ್ಯಾಲ್ಸಿಯಂ 10ಕ್ಕೆ ಇಳಿದರೆ ಅದು ಸುಮಾರು 7ರವರೆಗೆ ಏರಬಹುದು. ನಾಲ್ಕು ಪಟ್ಟು ಕ್ಯಾಲ್ಸಿಯಂ ಕಡಿಮೆಯಾದರೆ ಫ್ಲೋರೈಡಿನ ಮಿತಿ ಎರಡು ಪಟ್ಟು, ವರ್ಗಮೂಲದ ಲೆಕ್ಕ. ಅಂದರೆ ಊರವರು ಮೆಚ್ಚುವ ಮೃದುವಾದ ಸಿಹಿ ನೀರಿನ ಬೋರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಸಾಧ್ಯತೆ ಇದೆ. ಕುದಿಸಿದಾಗ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರ ಕ್ಯಾಲ್ಸಿಯಂ ಕಾರ್ಬೊನೇಟ್. ಫ್ಲೋರೈಡನ್ನು ಹಿಡಿದು ನಿಲ್ಲಿಸಬಹುದಾದ ಕ್ಯಾಲ್ಸಿಯಂ ಅದು, ಅದೇ ಹೊರಗೆ ಹೋಯಿತು. ಬಿ.ಎಸ್ಸಿ.ಯಲ್ಲಿ ಅಷ್ಟು ಸಲ ಬಿಡಿಸಿದ ಆ ಲೆಕ್ಕ ನಮ್ಮೂರ ಕೊಡಪಾನದ ಒಳಗೇ ಇತ್ತು. ಇದನ್ನು ಯಾರಾದರೂ ನನಗೆ ಇಪ್ಪತ್ತರ ಹರೆಯದಲ್ಲಿ ತೋರಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಸಾಕ್ಷ್ಯವನ್ನು ತೂಗಿ ನೋಡುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ರಾಯಚೂರಿನ ನಮ್ಮ ಓಣಿಗೆ ಒಮ್ಮೆ ನೀರಿನ ಫಿಲ್ಟರ್ ಮಾರುವ ಹುಡುಗ ಬಂದ. ಕಟ್ಟೆಯ ಮೇಲೆ ಎರಡು ಗಾಜಿನ ಲೋಟ ಇಟ್ಟ. ಒಂದರಲ್ಲಿ ನಮ್ಮ ನಳದ ನೀರು, ಇನ್ನೊಂದರಲ್ಲಿ ಅವನ ಫಿಲ್ಟರಿನ ನೀರು. ಕರೆಂಟಿಗೆ ಜೋಡಿಸಿದ ಪುಟ್ಟ ಯಂತ್ರದ ಲೋಹದ ಕಡ್ಡಿಗಳನ್ನು ಎರಡಕ್ಕೂ ಇಳಿಬಿಟ್ಟ. ನಿಮಿಷ ಕಳೆಯುವಷ್ಟರಲ್ಲಿ ನಳದ ನೀರು ಹಸಿರುಗಪ್ಪಾಗಿ, ಆಮೇಲೆ ಕಂದಾಗಿ, ತೇಲುವ ಕೊಳೆ ಕಟ್ಟಿಕೊಂಡಿತು. ಫಿಲ್ಟರ್ ನೀರು ಹಾಗೇ ತಿಳಿಯಾಗಿತ್ತು. "ನೋಡ್ರೀ ಅಕ್ಕಾರ, ಇಷ್ಟು ದಿನ ಇದನ್ನ ಕುಡೀತಿದ್ರಿ" ಅಂದ. ಹೆಂಗಸರು ಬಾಯಿ ಮೇಲೆ ಕೈಯಿಟ್ಟರು. ನನ್ನ ಜೊತೆ ಆಗ ಮನೆಗೆ ಬಂದಿದ್ದ ಇಬ್ಬರು ಪ್ರಶಿಕ್ಷಣಾರ್ಥಿಗಳಿದ್ದರು, ಇಬ್ಬರೂ ರಸಾಯನವಿಜ್ಞಾನದ ಪದವೀಧರರು. ಅವರ ಮುಖದಲ್ಲೂ ಗಾಬರಿ. ವಿದ್ಯುದ್ವಿಭಜನೆಯ ಪಾಠವನ್ನು ಅದೇ ತಿಂಗಳು ಚಾರ್ಟ್ ಬರೆದು ಮಾಡಿದ್ದವರು ಅವರು.

ಮರುದಿನ ಕಾಲೇಜಿನ ಪ್ರಯೋಗಾಲಯದಲ್ಲಿ ಅವರಿಂದಲೇ ಮಾಡಿಸಿದೆ. ಮನೆಯ ಕರೆಂಟ್ ಮುಟ್ಟಬಾರದು, 9 ವೋಲ್ಟಿನ ಬ್ಯಾಟರಿ ಸಾಕು. ಎರಡು ಕಬ್ಬಿಣದ ಮೊಳೆ, ಎರಡು ತುಂಡು ತಂತಿ, ಫಿಲ್ಟರ್ ಮಾಡಿದ ಅದೇ 'ಶುದ್ಧ' ನೀರು. ಮೊದಲು ಏನೂ ಆಗಲಿಲ್ಲ. ನೀರಿನಲ್ಲಿ ಅಯಾನುಗಳು ಬಹಳ ಕಡಿಮೆ, ವಿದ್ಯುತ್ ಹರಿಯಲು ದಾರಿಯಿಲ್ಲ. ಆಮೇಲೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿಸಿದೆ. ಋಣ ತುದಿಗೆ ಕಟ್ಟಿದ ಮೊಳೆಯ ಮೈಯಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು, ಅದು ಹೈಡ್ರೋಜನ್. ಧನ ತುದಿಯ ಮೊಳೆಯ ಕೆಳಗೆ ಹಸಿರು ಛಾಯೆಯ ಮೋಡ ಇಳಿಯತೊಡಗಿತು. ಕಲಕಿ ಗಾಳಿ ತಗುಲಿಸಿದಂತೆ ಅದು ಹಳದಿಗಂದಾಗಿ ತುಕ್ಕಿನ ಬಣ್ಣಕ್ಕೆ ತಿರುಗಿತು. ಒಬ್ಬ ಹುಡುಗ ಮೊಳೆಗಳನ್ನು ಮೇಲೆತ್ತಿ ಬೆಳಕಿಗೆ ಹಿಡಿದ. ಒಂದು ಹೊಳೆಯುತ್ತಿತ್ತು, ಇನ್ನೊಂದರ ಮೈ ತಿಂದುಹೋದಂತೆ ಒರಟಾಗಿತ್ತು. "ಸರ್ರ, ಕೊಳಿ ನೀರಿಂದಲ್ಲ, ಮೊಳಿದು!" ಎಂದ. ಆ ಹುಡುಗನ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಕಬ್ಬಿಣದ ಕಡ್ಡಿ ಕರಗಿ ಹೈಡ್ರಾಕ್ಸೈಡ್ ಆಗಿ ಕೂತದ್ದನ್ನು ಓಣಿಯ ಜನ ತಮ್ಮ ನೀರಿನ ಹೊಲಸು ಎಂದು ನಂಬಿದ್ದರು. ಆ ನೀರು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಆ ಪ್ರದರ್ಶನ ಹೇಳುವುದೇ ಇಲ್ಲ. ಫಿಲ್ಟರ್ ಬೇಡ ಎಂದು ಕೂಡ ಇದರ ಅರ್ಥವಲ್ಲ. ಫ್ಲೋರೈಡ್ ಇರುವ ಊರಿನಲ್ಲಿ ಸುಸ್ಥಿತಿಯಲ್ಲಿರುವ ಆರ್‌ಓ ಉಪಯೋಗಕ್ಕೇ ಬರುತ್ತದೆ. ಸಾಕ್ಷ್ಯ ಎಂದು ತೋರಿಸಿದ್ದು ಸಾಕ್ಷ್ಯ ಆಗಿರಲಿಲ್ಲ, ಅಷ್ಟೇ.

ನೀರಿನಲ್ಲಿ ವಿಲೀನವಾದ ವಸ್ತುಗಳ ಒಟ್ಟು ಪ್ರಮಾಣ ತೋರಿಸುತ್ತದೆ ಎನ್ನುವ ಟಿಡಿಎಸ್ ಮೀಟರಿಗೂ ಇದೇ ಪರೀಕ್ಷೆ ಮಾಡಿ. ಆರ್‌ಓ ನೀರಿಗೆ ಒಂದು ಚಮಚ ಸಕ್ಕರೆ ಹಾಕಿ ಕಲಕಿ, ಮೀಟರ್ ಅದ್ದಿ. ಅಂಕಿ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಸಕ್ಕರೆ ವಿಲೀನವಾದರೂ ಅಯಾನು ಕೊಡುವುದಿಲ್ಲ, ಮೀಟರ್ ಅಳೆಯುವುದು ವಿದ್ಯುತ್ ವಾಹಕತೆಯನ್ನು. 600 ಎಂದು ತೋರಿಸುವ ನೀರಿನಲ್ಲಿ 2 ಮಿಲಿಗ್ರಾಂ ಫ್ಲೋರೈಡ್ ಇದೆಯೋ ಇಲ್ಲವೋ ಅದು ಹೇಳಲಾರದು. ಆರ್ಸೆನಿಕ್ ಮಿತಿಯಂತೂ ಲೀಟರಿಗೆ 0.01 ಮಿಲಿಗ್ರಾಂ, ಈ ಮೀಟರಿಗೆ ಅದು ಕಾಣುವ ಮಾತೇ ಇಲ್ಲ. ಯಾವ ಉಪಕರಣ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂದು ಕೇಳುವ ಅಭ್ಯಾಸ ನಿಮಗೆ ಬಂದರೆ ನಿಮ್ಮ ಮಕ್ಕಳಿಗೂ ಬರುತ್ತದೆ.

ಕನ್ನಡ ಮಾಧ್ಯಮದಲ್ಲಿ ಕಲಿಸುವವರಿಗೆ ಇನ್ನೂ ಒಂದು ಎಚ್ಚರ ಬೇಕು. ಇದನ್ನು ಬೇರೆ ಭಾಷೆಯ ಪುಸ್ತಕಗಳು ನಿಮಗೆ ಹೇಳಿಕೊಡುವುದಿಲ್ಲ. ಮಂಜುಗಡ್ಡೆ ಕರಗಿತು ಎನ್ನುತ್ತೇವೆ, ಸಕ್ಕರೆ ಕರಗಿತು ಎಂದೂ ಎನ್ನುತ್ತೇವೆ. ನಾನೂ ಮೇಲೆ ಕಬ್ಬಿಣದ ಕಡ್ಡಿ ಕರಗಿತು ಎಂದು ಬರೆದೆ. ಒಂದು ಘನ ದ್ರವವಾದದ್ದು, ಇನ್ನೊಂದು ನೀರಿನಲ್ಲಿ ವಿಲೀನವಾದದ್ದು, ಮೂರನೆಯದು ರಾಸಾಯನಿಕ ಕ್ರಿಯೆ. ಮೂರಕ್ಕೂ ನಮ್ಮ ಆಡುಮಾತಿನಲ್ಲಿ ಒಂದೇ ಕ್ರಿಯಾಪದ. ಮಗು ಸಕ್ಕರೆ ನೀರಾಯಿತು ಎಂದು ಬರೆದರೆ ಅದು ದಡ್ಡತನವಲ್ಲ, ಭಾಷೆ ಅವಳಿಗೆ ಕೊಟ್ಟ ಚಿತ್ರ ಅದು. ಪತ್ರಿಕೆಗಳು ಅಣುಬಾಂಬ್, ಅಣುವಿದ್ಯುತ್ ಎಂದು ಬರೆಯುತ್ತವೆ, ಪಠ್ಯದಲ್ಲಿ ಅಣು ಬೇರೆ, ಪರಮಾಣು ಬೇರೆ. ಸುಣ್ಣ ಎಂದರೆ ಸುಟ್ಟ ಸುಣ್ಣವೂ ಹೌದು, ಅರಳಿದ ಸುಣ್ಣವೂ ಹೌದು, ಗೋಡೆಗೆ ಬಳಿದು ಒಣಗಿ ಕಾರ್ಬೊನೇಟ್ ಆದ ಸುಣ್ಣವೂ ಹೌದು. ಇನ್ನು 'ಕೆಮಿಕಲ್' ಎಂಬ ಪದ. ಕೆಮಿಕಲ್ ಇಲ್ಲದ ಬೆಲ್ಲ, ಕೆಮಿಕಲ್ ಹಾಕಿದ ಮಾವು ಎಂದು ಸಂತೆಯಲ್ಲಿ ಹೇಳಿದರೆ ಅರ್ಥವಾಗುತ್ತದೆ. ರಸಾಯನವಿಜ್ಞಾನ ಕಲಿಸಲು ಹೊರಟವರೂ ಪಾಠದ ನಡುವೆ 'ರಾಸಾಯನಿಕ' ಎಂಬುದನ್ನು ವಿಷ ಎಂಬ ಅರ್ಥದಲ್ಲೇ ಬಳಸುವುದನ್ನು ಕೇಳಿದಾಗ ನನಗೆ ನೋವಾಗುತ್ತದೆ. ಬಾಳೆಹಣ್ಣಿನ ರಸಾಯನವನ್ನು ಬಾಯಿ ಚಪ್ಪರಿಸಿ ತಿನ್ನುವ ಜನ ನಾವು. ನೀರೂ ರಾಸಾಯನಿಕವೇ, ಬೆಲ್ಲವೂ ರಾಸಾಯನಿಕವೇ. ಯಾವ ವಸ್ತು, ಎಷ್ಟು, ಎಷ್ಟು ದಿನ, ಯಾರಿಗೆ ಎಂದು ಕೇಳದೆ ಒಳ್ಳೆಯದು ಕೆಟ್ಟದ್ದು ಹೇಳಲು ಬರುವುದಿಲ್ಲ. ಫ್ಲೋರೈಡೇ ನೋಡಿ, ಅಲ್ಪ ಪ್ರಮಾಣದಲ್ಲಿ ಹುಳುಕು ತಡೆಯುತ್ತದೆಂದು ಹಲ್ಲಿನ ಪೇಸ್ಟಿಗೆ ಸೇರಿಸುತ್ತಾರೆ. ಅದೇ ಲೆಕ್ಕದಲ್ಲಿ, ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಹೊಲದಲ್ಲಿ ದುಡಿದು ದಿನಕ್ಕೆ ಐದು ಲೀಟರ್ ಕುಡಿಯುವವರ ದೇಹಕ್ಕೆ ಎರಡು ಲೀಟರ್ ಕುಡಿಯುವವರಿಗಿಂತ ಎರಡೂವರೆ ಪಟ್ಟು ಫ್ಲೋರೈಡ್ ಸೇರುತ್ತದೆ, ನೀರು ಒಂದೇ ಆಗಿದ್ದರೂ.

'ಉಪ್ಪು' ಎಂಬ ಮಾತಿನಲ್ಲೂ ಇಂಥದ್ದೇ ಗೊಂದಲವಿದೆ. ಸಿಂಧನೂರು, ಗಂಗಾವತಿ ಕಡೆಯ ವಿದ್ಯಾರ್ಥಿಗಳು ಸವಳು-ಜವಳು ಭೂಮಿಗೆ ಜಿಪ್ಸಂ ಹಾಕಿದರೆ ಉಪ್ಪು ಹೋಗುತ್ತದೆ ಎನ್ನುತ್ತಾರೆ. ಮಣ್ಣಿನ ಕಣಗಳಿಗೆ ಸೋಡಿಯಂ ಅಂಟಿಕೊಂಡ ಕ್ಷಾರ ಮಣ್ಣಿನಲ್ಲಿ ಜಿಪ್ಸಂನ ಕ್ಯಾಲ್ಸಿಯಂ ಅದನ್ನು ಹೊರದೂಡುತ್ತದೆ, ಆಮೇಲೂ ನೀರು ಹಾಯಿಸಿ ಬಸಿದು ತೆಗೆಯಬೇಕು. ಬರೀ ಲವಣ ತುಂಬಿದ, ನೀರು ನಿಂತ ಗದ್ದೆಗೆ ಮೊದಲು ಬೇಕಾದದ್ದು ಬಸಿಗಾಲುವೆ. ಇದೂ ನಿಮ್ಮದೇ ಪಾಠ, ಅಯಾನು ವಿನಿಮಯ. ವಿವರಕ್ಕೆ ಹೋಗುವುದಿಲ್ಲ. ನಿಮ್ಮ ತರಗತಿಯಲ್ಲಿ ಕಾಲುವೆ ನೀರಿನ ಗದ್ದೆಯ ಮಕ್ಕಳಿದ್ದರೆ ಅವರ ಅಪ್ಪಂದಿರನ್ನು ಕೇಳಿಕೊಂಡು ಬರಲು ಹೇಳಿ.

ನಿಮ್ಮಲ್ಲಿ ವಿಜ್ಞಾನ ಸಾಕ್ಷರತೆ ಇದೆಯೋ ಇಲ್ಲವೋ ತಿಳಿಯುವುದು ಹೇಗೆ ಎಂದಿರಿ. ಅಂಕಪಟ್ಟಿ ಹೇಳುವುದಿಲ್ಲ. ಆಸ್ಟ್ರೇಲಿಯಾದ ಡೇವಿಡ್ ಟ್ರೆಗಸ್ಟ್ 1988ರಲ್ಲಿ ಎರಡು ಹಂತದ ಪ್ರಶ್ನೆಗಳ ಬಗ್ಗೆ ಬರೆದರು: ಮೊದಲು ಉತ್ತರ, ಆಮೇಲೆ ಆ ಉತ್ತರಕ್ಕೆ ಕಾರಣ. ಉತ್ತರ ಸರಿಯಿದ್ದು ಕಾರಣ ತಪ್ಪಾದರೆ ಒಳಗಿನದು ಹೊರಬೀಳುತ್ತದೆ. ನೀವೇ ಪ್ರಯತ್ನಿಸಿ: ಕುದಿಯುವ ನೀರಿನ ತಳದಿಂದ ಏಳುವ ದೊಡ್ಡ ಗುಳ್ಳೆಗಳ ಒಳಗೆ ಏನಿದೆ, ಯಾಕೆ ಹಾಗೆನ್ನುತ್ತೀರಿ? ಆಸ್ಬರ್ನ್ ಮತ್ತು ಕಾಸ್‌ಗ್ರೋವ್ ನ್ಯೂಜಿಲೆಂಡಿನ ಮಕ್ಕಳಿಗೆ ಇದನ್ನು ಕೇಳಿ 1983ರಲ್ಲಿ ಪ್ರಕಟಿಸಿದರು. ಅನೇಕರು ಹೈಡ್ರೋಜನ್ ಮತ್ತು ಆಕ್ಸಿಜನ್ ಎಂದಿದ್ದರು. ನಮ್ಮ ಬಿ.ಎಡ್. ತರಗತಿಯಲ್ಲಿ ಕೇಳಿದಾಗಲೆಲ್ಲ ನನಗೂ ಅದೇ ಉತ್ತರ ಸಿಕ್ಕಿದೆ. ಕಾರಣ, "ನೀರಿನಲ್ಲಿ ಇರುವುದೇ ಅವೆರಡು, ಸರ್." ಸೂತ್ರ ಸರಿ, ತೀರ್ಮಾನ ತಪ್ಪು. ಹಾಗೆ ಆಗಿದ್ದರೆ ಚಹಾ ಕುದಿಯುವಾಗ ಒಲೆಯ ಉರಿ ತಗುಲಿ ಎಲ್ಲರ ಮನೆಯಲ್ಲೂ ಢಮ್ಮೆನ್ನಬೇಕಿತ್ತಲ್ಲ ಎಂದು ಕೇಳಿದರೆ ಒಂದು ಕ್ಷಣ ಮೌನ, ಆಮೇಲೆ ಚರ್ಚೆ ಶುರು. ಗುಳ್ಳೆಯಲ್ಲಿ ಇರುವುದು ನೀರಿನ ಆವಿ, ಅಣುಗಳು ದೂರ ಸರಿದಿವೆ, ಅಣು ಒಡೆದಿಲ್ಲ. ಕಣ್ಣಿಗೆ ಕಾಣುವುದು, ಅಣುಗಳ ಮಟ್ಟದಲ್ಲಿ ನಡೆಯುವುದು, ಹಲಗೆಯ ಮೇಲೆ ಬರೆಯುವ ಸೂತ್ರ, ಈ ಮೂರನ್ನು ಗ್ಲಾಸ್ಗೋದ ಅಲೆಕ್ಸ್ ಜಾನ್‌ಸ್ಟನ್ ಒಂದು ತ್ರಿಕೋನದ ಮೂರು ಮೂಲೆಗಳಾಗಿ ತೋರಿಸಿದರು. ನಾವು ಸೂತ್ರದ ಮೂಲೆಯಲ್ಲೇ ಮನೆ ಕಟ್ಟಿಕೊಂಡಿದ್ದೇವೆ.

ಇದರಲ್ಲಿ ನಿಮ್ಮಂಥವರ ತಪ್ಪಿಗಿಂತ ನಮ್ಮ ತರಬೇತಿಯ ತಪ್ಪು ದೊಡ್ಡದು. ಸೂಕ್ಷ್ಮಬೋಧನೆ ಎಂಬ ಕೆಲವೇ ನಿಮಿಷದ ಅಭ್ಯಾಸ ಪಾಠ, ಕ್ರಿಟಿಸಿಸಂ ಲೆಸನ್ ಎಂಬ ವಿಮರ್ಶೆಗೆಂದೇ ಮಾಡುವ ಪಾಠ, ಬಣ್ಣದ ಚಾರ್ಟು, ಪಾಠಯೋಜನೆಯ ಕಾಲಂಗಳು. ಎಲ್ಲ ಕಾಲಂ ತುಂಬಿರುತ್ತದೆ. ವೀಕ್ಷಕರು ಧ್ವನಿ ಸ್ಪಷ್ಟವಿತ್ತೇ, ಕಪ್ಪುಹಲಗೆಯ ಬಳಕೆ ಸರಿಯಿತ್ತೇ ಎಂದು ಬರೆಯುತ್ತಾರೆ. ಮಗು ಕೇಳಿದ ಅನಿರೀಕ್ಷಿತ ಪ್ರಶ್ನೆಗೆ ಈ ಶಿಕ್ಷಕಿ ಏನು ಮಾಡಿದಳು ಎಂದು ಬರೆಯುವ ಕಾಲಂ ನಾನು ಕಂಡಿಲ್ಲ. ನಾನು ವೀಕ್ಷಕನಾಗಿದ್ದ ಮೊದಲ ಹತ್ತು ವರ್ಷ ನಾನೂ ಕಪ್ಪುಹಲಗೆಯನ್ನೇ ನೋಡುತ್ತಿದ್ದೆ, ಆ ಬಗ್ಗೆ ನನಗೆ ಪಶ್ಚಾತ್ತಾಪವಿದೆ.

ಇಂಟರ್ನ್‌ಶಿಪ್ಪಿನ ಉಳಿದ ವಾರಗಳಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಡಿ, ಮಕ್ಕಳು ಕೇಳಿದ ಪ್ರಶ್ನೆಗಳಿಗೆ ಮಾತ್ರ. ಅವರ ಮಾತಿನಲ್ಲೇ ಬರೆದುಕೊಳ್ಳಿ. ತಕ್ಷಣ ಉತ್ತರ ಹೊಳೆದರೂ "ನಾಳೆ ನೋಡಿ ಹೇಳ್ತೀನಿ" ಎನ್ನುವುದನ್ನು ಅಭ್ಯಾಸ ಮಾಡಿಕೊಳ್ಳಿ, ಮತ್ತು ನಾಳೆ ಹೇಳಿ. ಹೇಳದೆ ಬಿಟ್ಟರೆ ಮಕ್ಕಳು ಕೇಳುವುದನ್ನೇ ಬಿಡುತ್ತಾರೆ. ಪ್ರಯೋಗ ತೋರಿಸುವ ಮೊದಲು ಏನಾಗುತ್ತದೆ ಎಂದು ಎಲ್ಲರಿಂದಲೂ ಒಂದು ಸಾಲು ಬರೆಸಿ, ಆಮೇಲೆ ತೋರಿಸಿ, ಊಹೆ ತಪ್ಪಿದವರಿಂದ ಮೊದಲು ಮಾತಾಡಿಸಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆಯ ಹಳೆಯ ಸಂಚಿಕೆಗಳು ಸಿಕ್ಕರೆ ತರಿಸಿಕೊಳ್ಳಿ. ವಿಜ್ಞಾನವನ್ನು ನಮ್ಮ ಕನ್ನಡದಲ್ಲಿ ಹೇಗೆ ಹೇಳಬಹುದು ಎಂಬುದಕ್ಕೆ ಅವು ಒಳ್ಳೆಯ ಪಾಠ.

ಮತ್ತು ಆ ಹುಡುಗಿಯ ಬೋರಿನ ನೀರನ್ನು ಪರೀಕ್ಷೆ ಮಾಡಿಸಿ, ಊಹೆಯ ಮೇಲೆ ಬಿಡಬೇಡಿ. ಕಲೆ ನೋಡಿದರೆ ಫ್ಲೋರೈಡ್ ಇರಬಹುದು ಅನಿಸುತ್ತದೆ, ಆದರೆ ಹಲ್ಲಿನ ಕಲೆಗೆ ಬೇರೆ ಕಾರಣಗಳೂ ಉಂಟು. ಜಲಜೀವನ ಮಿಷನ್ ಅಡಿಯಲ್ಲಿ ಪ್ರತಿ ಊರಿನಲ್ಲಿ ಐದು ಮಂದಿ ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸಲು ತರಬೇತಿ ಕೊಡುವ ವ್ಯವಸ್ಥೆ ಇದೆ. ಆ ಊರಿನಲ್ಲಿ ಅವರು ಯಾರೆಂದು ಗ್ರಾಮ ಪಂಚಾಯತಿಯಲ್ಲಿ ಕೇಳಿ, ಸಾಧ್ಯವಾದರೆ ಅವರನ್ನೇ ತರಗತಿಗೆ ಕರೆಯಿರಿ. ಜಿರ್ಕೋನಿಯಂ ಎಂಬ ಲೋಹದ ಸಂಯುಕ್ತ ಬಳಸುವ ಕಿಟ್ ಆಗಿದ್ದರೆ ಫ್ಲೋರೈಡ್ ಹೆಚ್ಚಿದಷ್ಟೂ ಕೆಂಪು ಛಾಯೆ ಹಳದಿಯತ್ತ ಹೋಗುತ್ತದೆ. ಬಣ್ಣ ಕೊಡುತ್ತಿದ್ದ ಸಂಯುಕ್ತದಿಂದ ಫ್ಲೋರೈಡ್ ಜಿರ್ಕೋನಿಯಂ ಅನ್ನು ಕಿತ್ತುಕೊಳ್ಳುತ್ತದೆ. ಕಣ್ಣಳತೆಯ ಈ ಫಲಿತಾಂಶ ಅಂದಾಜು ಮಾತ್ರ, ಹಾಗಾಗಿ ಇನ್ನೊಂದು ಮಾದರಿಯನ್ನು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸಿ. ಗಾಜಿನ ಬಾಟಲಿ ಬೇಡ, ಸ್ವಚ್ಛ ಪ್ಲಾಸ್ಟಿಕ್ ಬಾಟಲಿ ಇರಲಿ. ಐದು ನಿಮಿಷ ಬೋರು ಓಡಿಸಿದ ಮೇಲೆ, ಅದೇ ನೀರಿನಲ್ಲಿ ಬಾಟಲಿಯನ್ನು ಎರಡು ಮೂರು ಸಲ ತೊಳೆದು, ತುಂಬಿ. ಊರು, ಬೋರಿನ ಗುರುತು, ತಾರೀಖು, ವೇಳೆ ಬರೆದ ಚೀಟಿ ಅಂಟಿಸಿ. ಜೊತೆಗೆ ಅದೇ ನೀರನ್ನು ಕುದಿಸಿ ಆರಿಸಿದ ಎರಡನೆಯ ಬಾಟಲಿಯನ್ನೂ ಕಳಿಸಿ. ವರದಿ ಬಂದ ದಿನ ಎರಡು ಅಂಕಿಗಳನ್ನೂ ಹಲಗೆಯ ಮೇಲೆ ಬರೆಯಲು ಆ ಹುಡುಗಿಯನ್ನೇ ಕರೆಯಿರಿ.